ತಾರಸಿ ಸೋರಿಕೆಗೆ ಬೇಸಿಗೆಯ ದುರಸ್ತಿ: ಕುಂಡ ಇಳಿಸುವುದರಿಂದ ಕೊನೆಯ ಕೋಟಿನವರೆಗೆ

ಬೇಸಿಗೆಯಲ್ಲಿ ತಾರಸಿಗೆ ವಾಟರ್‌ಪ್ರೂಫ್ ಲೇಪ ಬಳಿಯುವುದು, ಮಳೆಗಾಲದಲ್ಲಿ ಅದೇ ಕೋಣೆಯ ಅದೇ ಮೂಲೆ ಮತ್ತೆ ಒದ್ದೆಯಾಗುವುದು, ಮರುವರ್ಷ ಇನ್ನೂ ದುಬಾರಿಯ ಡಬ್ಬ ತಂದು ಬಳಿಯುವುದು ಬೆಂಗಳೂರಿನ ಬಹಳಷ್ಟು ಸ್ವಂತ ಮನೆಗಳಲ್ಲಿ ರೂಢಿಯೇ ಆಗಿಬಿಟ್ಟಿದೆ. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ಕೆಲಸದ ಕ್ರಮ. ಎಲ್ಲಕ್ಕಿಂತ ಕೊನೆಗೆ ಮಾಡಬೇಕಾದ ಲೇಪನವನ್ನು ಮೊದಲೇ ಮಾಡಿ, ಅದರ ಕೆಳಗೆ ಬಿರುಕು, ತಗ್ಗು, ಕಟ್ಟಿಕೊಂಡ ನೀರಿನ ದಾರಿ ಮತ್ತು ತೇವವನ್ನು ಹಾಗೆಯೇ ಬಿಟ್ಟಿರುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲಿಯೇ ಮಾಡಬೇಕು. ಯಾವುದನ್ನಾದರೂ ಹಿಂದುಮುಂದು ಮಾಡಿದರೆ ಉಳಿದ ಹಂತಗಳ ಶ್ರಮವೂ ವ್ಯರ್ಥವಾಗುತ್ತದೆ.

## ಈ ಕೆಲಸಕ್ಕೆ ಕೈಹಾಕುವ ಮುನ್ನ

ಇಲ್ಲಿರುವ ವಿವರ ಸಪಾಟಾದ ಆರ್‌ಸಿಸಿ ಮೋಲ್ಡ್ (ಕಂಬಿ ಹಾಕಿದ ಕಾಂಕ್ರೀಟಿನ ಚಾವಣಿ) ಇರುವ, ತಾರಸಿ ಪೂರ್ತಿಯಾಗಿ ನಿಮ್ಮದೇ ಆಗಿರುವ ಮನೆಗಳಿಗೆ ಸಂಬಂಧಿಸಿದ್ದು. 30×40 ನಿವೇಶನದ ಮನೆಯ ತಾರಸಿಯನ್ನು ಇಬ್ಬರು ಸೇರಿ ರಜಾದಿನಗಳಲ್ಲಿ ನಿಧಾನವಾಗಿ ಮುಗಿಸಬಹುದು. ಅಪಾರ್ಟ್‌ಮೆಂಟಿನ ತಾರಸಿ ಎಲ್ಲರಿಗೂ ಸೇರಿದ್ದಾದ್ದರಿಂದ ಅದನ್ನು ಸಂಘದ ಮೂಲಕವೇ ಮಾಡಿಸಬೇಕಾಗುತ್ತದೆ.

ಮೊದಲು ಮನೆಯೊಳಗೆ ನಿಂತು ಸೀಲಿಂಗನ್ನು ನೋಡಿ. ಗಿಲಾವು ಕಳಚಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ, ಮೋಲ್ಡು ನಡುವೆ ಜಗ್ಗಿದಂತೆ ತೋರಿದರೆ ಅಥವಾ ಬಿರುಕು ಬೀಮನ್ನು ಹಾದುಹೋಗಿದ್ದರೆ ಅಲ್ಲಿಗೆ ನಿಲ್ಲಿಸಿ, ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಕಂಬಿ ತುಕ್ಕು ಹಿಡಿದು ಉಬ್ಬುತ್ತಿರುವ ಮೋಲ್ಡಿನ ಮೇಲೆ ಎಷ್ಟು ಒಳ್ಳೆಯ ಲೇಪ ಬಳಿದರೂ ಒಳಗಿನ ಹಾಳು ನಿಲ್ಲುವುದಿಲ್ಲ, ಕಣ್ಣಿಗೆ ಕಾಣದಂತೆ ಮುಂದುವರಿಯುತ್ತದೆ.

ಸೀಲಿಂಗ್ ಫ್ಯಾನಿನ ಕೊಕ್ಕೆಯಿಂದಲೋ ದೀಪದ ಬಾಕ್ಸಿನಿಂದಲೋ ನೀರು ತೊಟ್ಟಿಕ್ಕುತ್ತಿದ್ದರೆ ಆ ಕೋಣೆಯ ಎಂಸಿಬಿಯನ್ನು (ವಿದ್ಯುತ್ ಕಡಿಯುವ ಮುಖ್ಯ ಬೋರ್ಡಿನ ಸ್ವಿಚ್ಚನ್ನು) ಕೂಡಲೇ ಆರಿಸಿ. ದುರಸ್ತಿ ಮುಗಿದು, ವೈರಿಂಗ್ ಒಣಗಿ, ಎಲೆಕ್ಟ್ರಿಷಿಯನ್ ನೋಡುವವರೆಗೆ ಅದನ್ನು ಹಾಕಬೇಡಿ.

## ಕಾಲದ ಲೆಕ್ಕ

ಯುಗಾದಿಯ ಆಸುಪಾಸಿನಲ್ಲಿ ಪ್ರಾರಂಭಿಸಿ, ಭರಣಿ ಮಳೆ ಹುಟ್ಟುವ ಏಪ್ರಿಲ್ ಕೊನೆಯ ವಾರದೊಳಗೆ ಲೇಪನವನ್ನು ಮುಗಿಸುವುದು ಬೆಂಗಳೂರಿಗೆ ಹೊಂದುವ ಲೆಕ್ಕ. ಕೈಕೆಲಸಕ್ಕಿಂತ ಕಾಯುವುದಕ್ಕೇ ಇಲ್ಲಿ ಹೆಚ್ಚು ದಿನ ಬೇಕು: ಹೊಸ ಸಿಮೆಂಟಿಗೆ ಏಳು ದಿನ ನೀರುಣಿಸಬೇಕು, ಬಳಿಕ ಅದು ಒಣಗಲು ಇನ್ನೊಂದು ವಾರವಾದರೂ ಬೇಕು. ಒಟ್ಟಿನಲ್ಲಿ ಮೂರರಿಂದ ನಾಲ್ಕು ವಾರಗಳನ್ನು ಇದಕ್ಕೆ ಮೀಸಲಿಡಿ.

ಮೇ ತಿಂಗಳೂ ಬೇಸಿಗೆಯೇ ಎಂದು ನಂಬಿ ಕೂತವರು ಹೆಚ್ಚಾಗಿ ಸೋಲುತ್ತಾರೆ. ಈ ಊರಿನಲ್ಲಿ ಮೇ ತಿಂಗಳಿನ ಸರಾಸರಿ ಮಳೆ 100 ಮಿಲಿಮೀಟರಿಗೂ ಹೆಚ್ಚು, ಅದೂ ಬಹುಪಾಲು ಸಂಜೆಯ ಗುಡುಗು ಸಿಡಿಲಿನೊಡನೆ ಒಮ್ಮೆಲೇ ಸುರಿಯುವಂಥದ್ದು. ಮಧ್ಯಾಹ್ನ ಬಳಿದ ಲೇಪದ ಮೇಲೆ ಸಂಜೆ ಆಲಿಕಲ್ಲು ಬಿದ್ದರೆ ಉಳಿಯುವುದು ತೊಳೆದುಹೋದ ಬಿಳಿಯ ನೀರು ಮಾತ್ರ. ಮೇ ಎರಡನೆಯ ವಾರ ದಾಟಿದ್ದರೆ ಈ ವರ್ಷಕ್ಕೆ ನೀರಿನ ದಾರಿಗಳನ್ನು ಸ್ವಚ್ಛಗೊಳಿಸಿ, ದೊಡ್ಡ ಬಿರುಕುಗಳನ್ನಷ್ಟೇ ಮುಚ್ಚಿ, ಪೂರ್ತಿ ಲೇಪನವನ್ನು ಜನವರಿಯವರೆಗೆ ಮುಂದೂಡುವುದು ಜಾಣತನ ಎಂಬುದು ನನ್ನ ಖಚಿತ ಅಭಿಪ್ರಾಯ.

## ಬೇಕಾಗುವ ಸಾಮಾನು

ಉಳಿ, ಸುತ್ತಿಗೆ, ತಂತಿ ಬ್ರಷ್, ಕರಣೆ, ಬಾಂಡ್ಲಿ, ತೆಂಗಿನ ಕಡ್ಡಿಯ ಗಟ್ಟಿ ಪೊರಕೆ, ಪುಟ್ಟಿ ಹಚ್ಚುವ ಪಟ್ಟಿ, ಸೀಮೆಸುಣ್ಣ, ಅಳತೆ ಟೇಪು, ಆರು ಅಡಿಯ ನೇರವಾದ ಅಲ್ಯೂಮಿನಿಯಂ ಪಟ್ಟಿ ಮತ್ತು ರಸಮಟ್ಟ ಇರಬೇಕು. ಇಳಿಜಾರು ನೋಡಲು ಗಾರೆಯವರು ಬಳಸುವ, ನೀರು ತುಂಬಿದ ಪಾರದರ್ಶಕ ಮಟ್ಟದ ಪೈಪು ಸಿಕ್ಕರೆ ಇನ್ನೂ ಒಳ್ಳೆಯದು. ಲೇಪನಕ್ಕೆ ಒಂಬತ್ತು ಇಂಚಿನ ರೋಲರ್, ಮೂಲೆಗಳಿಗೆ ನಾಲ್ಕು ಇಂಚಿನ ಬ್ರಷ್, ಕಲಸಲು ಅಗಲ ಬಾಯಿಯ ಬಕೆಟ್ ಬೇಕು.

ಸಾಮಗ್ರಿಗಳಲ್ಲಿ ಸಿಮೆಂಟು, ಜರಡಿ ಹಿಡಿದ ಮರಳು ಅಥವಾ ಗಿಲಾವಿಗೆ ಬಳಸುವ ನುಣ್ಣನೆಯ ಎಂ ಸ್ಯಾಂಡ್, ಸಿಮೆಂಟಿಗೆ ಬೆರೆಸುವ ಎಸ್‌ಬಿಆರ್ ಲೇಟೆಕ್ಸ್ ದ್ರವ, ಬಿರುಕು ತುಂಬುವ ಪೇಸ್ಟ್, ಪಾಲಿಯುರಿಥೇನ್ ಸೀಲಂಟ್ ಮತ್ತು ಅದರ ಗನ್, ಗಾಜಿನ ನಾರಿನ ತೆಳು ಜಾಲರಿ ಮತ್ತು ಮುಖ್ಯ ಲೇಪ ಸೇರುತ್ತವೆ. ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಉಪಕರಣಗಳೂ, ಬಡಾವಣೆಯ ಬಣ್ಣದ ಅಂಗಡಿಗಳಲ್ಲಿ ಉಳಿದವೂ ಸಿಗುತ್ತವೆ. ಲೇಪದ ಡಬ್ಬ ಕೊಳ್ಳುವಾಗ ತಯಾರಾದ ತಿಂಗಳನ್ನೂ ಬಳಕೆಯ ಅವಧಿಯನ್ನೂ ನೋಡಿ. ಅಂಗಡಿಯ ಬಿಸಿಲಿನಲ್ಲಿ ಹಳೆಯದಾದ ಡಬ್ಬದಲ್ಲಿ ಲೇಪ ಗಂಟುಗಂಟಾಗಿರುತ್ತದೆ.

ಮನೆಯವರೇ ಮಾಡುವುದಾದರೆ ಎರಡು ಬಗೆಯ ಲೇಪಗಳು ಸಾಕು. ನೀರು ಆಧಾರದ, ಒಣಗಿದ ಮೇಲೆ ರಬ್ಬರಿನಂತೆ ಹಿಗ್ಗುವ ಬಿಳಿ ಅಕ್ರಿಲಿಕ್ ಲೇಪ ಒಂದು. ಪುಡಿ ಮತ್ತು ದ್ರವವನ್ನು ಕೂಡಿಸಿ ಕಲಸುವ ಸಿಮೆಂಟು ಆಧಾರದ ಲೇಪ ಇನ್ನೊಂದು. ಬಿಸಿಲಿಗೆ ತೆರೆದುಕೊಂಡ ತಾರಸಿಗೆ ಮೊದಲನೆಯದು ಸರಿ, ಏಕೆಂದರೆ ಬಿಳಿಯ ಬಣ್ಣ ಶಾಖವನ್ನು ಹಿಂದಕ್ಕೆ ಚೆಲ್ಲಿ ಕೆಳಗಿನ ಕೋಣೆಯನ್ನೂ ಸ್ವಲ್ಪ ತಂಪಾಗಿಡುತ್ತದೆ. ಮೇಲೆ ಟೈಲ್ಸ್ ಹಾಕುವ ಯೋಚನೆಯಿದ್ದರೆ ಎರಡನೆಯದನ್ನು ಆರಿಸಿ. ಬೆಂಕಿಯಿಂದ ಕಾಯಿಸಿ ಅಂಟಿಸುವ ಡಾಂಬರಿನ ಹಾಳೆಯ ಕೆಲಸವನ್ನು ಅನುಭವವಿಲ್ಲದವರು ಮಾಡಬಾರದು.

## ಹಂತ 1: ತಾರಸಿಯನ್ನು ಪೂರ್ತಿ ಖಾಲಿ ಮಾಡುವುದು

ಕುಂಡಗಳನ್ನು ಈ ಮೂಲೆಯಿಂದ ಆ ಮೂಲೆಗೆ ಸರಿಸುತ್ತ ಬಳಿಯುವುದು ಮೊದಲ ತಪ್ಪು. ಹಾಗೆ ಮಾಡಿದಾಗ ಲೇಪ ತುಂಡುತುಂಡಾಗಿ, ಬೇರೆ ಬೇರೆ ದಿನ ಒಣಗಿ, ಸೇರುವ ಗೆರೆಗಳಲ್ಲಿಯೇ ನೀರು ಇಳಿಯುತ್ತದೆ. ಗಿಡಗಳನ್ನು ಕೆಳಗಿನ ಅಂಗಳಕ್ಕೋ ಬಾಲ್ಕನಿಗೋ ಮೆಟ್ಟಿಲ ಪಕ್ಕದ ನೆರಳಿಗೋ ಇಳಿಸಿ. ಇಳಿಸುವ ಹಿಂದಿನ ದಿನ ನೀರು ಹಾಕದಿದ್ದರೆ ಕುಂಡ ಹಗುರವಾಗಿರುತ್ತದೆ. ಕೆಳಗೆ ಇಟ್ಟ ಮೇಲೆ ಒತ್ತಾಗಿ ಜೋಡಿಸಿ, ಮಣ್ಣಿನ ಮೇಲೆ ಒಣ ಎಲೆ ಅಥವಾ ತೆಂಗಿನ ನಾರು ಹರಡಿದರೆ ನೀರು ಕಡಿಮೆ ಸಾಕಾಗುತ್ತದೆ. ಟೊಮೇಟೊ, ಬದನೆಯಂಥ ಬಿಸಿಲಿನ ಗಿಡಗಳು ಮೂರು ವಾರದ ನೆರಳಿನಲ್ಲಿ ಸೊರಗಬಹುದು. ಆದ್ದರಿಂದ ತಾರಸಿ ತರಕಾರಿ ಬೆಳೆಯುವವರು ಈ ಕೆಲಸವನ್ನು ಹಳೆಯ ಬೆಳೆ ಮುಗಿದು ಹೊಸ ಬಿತ್ತನೆಗೆ ಮುನ್ನ ಇಟ್ಟುಕೊಳ್ಳುವುದು ಮೇಲು.

ಕುಂಡ ಎತ್ತಿದ ಜಾಗದಲ್ಲಿ ಕಪ್ಪು ವರ್ತುಲವೂ ಬಿಳಿಯ ಉಪ್ಪಿನ ಪುಡಿಯೂ ಕಾಣುತ್ತವೆ. ಅಲ್ಲಿ ತಿಂಗಳುಗಟ್ಟಲೆ ತೇವ ನಿಂತಿತ್ತು ಎಂಬುದಕ್ಕೆ ಅದು ಸಾಕ್ಷಿ, ಅಂಥ ಜಾಗಗಳಿಗೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ.

ಗೋಡೆಯ ಸಂದಿನಲ್ಲಿ ಹುಟ್ಟಿರುವ ಅರಳಿ, ಅತ್ತಿ ಸಸಿಗಳನ್ನು ಈಗಲೇ ತೆಗೆಯಬೇಕು. ಹಕ್ಕಿಗಳ ಹಿಕ್ಕೆಯಿಂದ ಬಂದ ಈ ಬೀಜಗಳು ಬೆರಳಗಲದ ಸಸಿಯಾಗಿದ್ದಾಗಲೇ ಬೇರನ್ನು ಗಿಲಾವಿನ ಒಳಕ್ಕೆ ಬಹುದೂರ ಬಿಟ್ಟಿರುತ್ತವೆ. ಕತ್ತರಿಸಿದರೆ ಮತ್ತೆ ಚಿಗುರುವುದು ಖಂಡಿತ. ಸುತ್ತಲಿನ ಗಿಲಾವನ್ನು ಉಳಿಯಿಂದ ಬಿಡಿಸಿ, ಬೇರನ್ನು ಬುಡಸಮೇತ ಎಳೆದು ತೆಗೆದು, ಆ ಗುಳಿಯನ್ನು ಹಂತ 5ರಲ್ಲಿ ತುಂಬಬೇಕು.

## ಹಂತ 2: ಸೋರಿಕೆಯ ನಕ್ಷೆ ಬರೆದುಕೊಳ್ಳುವುದು

ಸೀಲಿಂಗಿನಲ್ಲಿ ಕಲೆ ಇರುವ ಜಾಗದ ನೇರ ಮೇಲೆಯೇ ರಂಧ್ರ ಇರಬೇಕೆಂದಿಲ್ಲ. ಮೋಲ್ಡಿನೊಳಗಿನ ವೈರಿಂಗ್ ಪೈಪು ಹಿಡಿದು ನೀರು ಹಲವು ಅಡಿ ಪ್ರಯಾಣ ಮಾಡಿ, ಎಲ್ಲಿ ದಾರಿ ಸಿಕ್ಕಿತೋ ಅಲ್ಲಿ ಇಳಿಯುತ್ತದೆ. ಆದ್ದರಿಂದ ಕೆಳಗಿನ ಪ್ರತಿ ಕಲೆಯೂ ಎರಡು ಗೋಡೆಗಳಿಂದ ಎಷ್ಟು ದೂರದಲ್ಲಿದೆ ಎಂದು ಅಳೆದು ಕಾಗದದ ಮೇಲೆ ಗುರುತಿಸಿ, ಅದೇ ಅಳತೆಯನ್ನು ತಾರಸಿಯ ಮೇಲೆ ಇಳಿಸಿ. ಗುರುತಿನ ಸುತ್ತ ನಾಲ್ಕೈದು ಅಡಿಯೊಳಗೆ ಇರುವ ಎಲ್ಲವನ್ನೂ ಸಂಶಯದಿಂದ ನೋಡಿ: ಪ್ಯಾರಾಪೆಟ್ ಗೋಡೆಯ ಬುಡ, ಮಳೆನೀರಿನ ಪೈಪಿನ ಬಾಯಿ, ಓವರ್‌ಹೆಡ್ ಟ್ಯಾಂಕಿನ ಕಟ್ಟೆ, ಸೋಲಾರ್ ವಾಟರ್ ಹೀಟರಿನ ಸ್ಟ್ಯಾಂಡಿನ ಕಾಲು, ಡಿಶ್ ಆಂಟೆನಾದ ಬೋಲ್ಟು, ಇಂಟರ್ನೆಟ್ ಕೇಬಲ್ಲಿಗಾಗಿ ಯಾರೋ ಕೊರೆದು ಹಾಗೇ ಬಿಟ್ಟ ತೂತು.

ಮಳೆಯಿಲ್ಲದ ಮಾರ್ಚಿನಲ್ಲೂ ಕಲೆ ಹಸಿಯಾಗಿಯೇ ಇದ್ದರೆ ಅದು ಮಳೆನೀರಲ್ಲ. ಟ್ಯಾಂಕಿನ ಅಥವಾ ಸೋಲಾರಿನ ಪೈಪಿನ ಜೋಡಣೆ ಸೋರುತ್ತಿರುತ್ತದೆ. ಟ್ಯಾಂಕ್ ತುಂಬಿಸಿ, ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಬೆಳಿಗ್ಗೆ ಮಟ್ಟ ಇಳಿದಿದೆಯೇ ಎಂದು ನೋಡಿದರೆ ತಿಳಿಯುತ್ತದೆ. ಹಾಗಿದ್ದಲ್ಲಿ ಮೊದಲು ಪ್ಲಂಬರನ್ನು ಕರೆಯಬೇಕು. ತಾರಸಿಗೆ ಲೇಪ ಬಳಿದು ಪೈಪಿನ ಸೋರಿಕೆ ನಿಲ್ಲಿಸಲಾಗದು.

## ಹಂತ 3: ತೊಳೆಯುವುದು, ತಟ್ಟಿ ನೋಡುವುದು

ಹಳೆಯ ಲೇಪ ಇದ್ದರೆ ಪುಟ್ಟಿಯ ಪಟ್ಟಿಯಿಂದ ಕೆರೆಯಿರಿ. ಎದ್ದು ಬರುವುದೆಲ್ಲ ಬರಲಿ, ಗಟ್ಟಿಯಾಗಿ ಹಿಡಿದುಕೊಂಡಿರುವುದು ಇರಲಿ. ಪಾಚಿಯ ಮೇಲೆ ಬ್ಲೀಚಿಂಗ್ ಪುಡಿ ಕರಗಿಸಿದ ತಿಳಿನೀರನ್ನು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ತಂತಿ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಕೆಲವರು ಆಸಿಡ್ ಸುರಿದು ತೊಳೆಯುವ ಸಲಹೆ ಕೊಡುತ್ತಾರೆ, ಅದನ್ನು ಕೇಳಬೇಡಿ. ಆಸಿಡ್ ಸಿಮೆಂಟನ್ನೇ ತಿನ್ನುತ್ತದೆ, ಬ್ಲೀಚಿಂಗ್ ಪುಡಿಯೊಡನೆ ಬೆರೆತರೆ ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ.

ತೊಳೆಯಲು ಯಾವ ನೀರು ಎಂಬುದನ್ನೂ ಯೋಚಿಸಬೇಕು. 2024ರ ಮಾರ್ಚಿನ ನೀರಿನ ಅಭಾವದಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ವಾಹನ ತೊಳೆಯಲು, ತೋಟಕ್ಕೆ, ಕಟ್ಟಡದ ಕೆಲಸಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ತರಕಾರಿ ತೊಳೆದ ನೀರು, ಬಟ್ಟೆ ಕೊನೆಯ ಸಲ ಜಾಲಾಡಿದ ನೀರು ಈ ಹಂತಕ್ಕೆ ಧಾರಾಳವಾಗಿ ಸಾಕು. ಆದರೆ ಸಿಮೆಂಟು ಕಲಸಲು ಸೋಪಿನ ನೀರನ್ನು ಬಳಸಬಾರದು.

ನೆಲ ಒಣಗಿದ ಮೇಲೆ ಮರದ ಕೋಲಿನಿಂದ ಅಡಿಗೊಂದರಂತೆ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದ ಕಡೆ ಮೇಲಿನ ಗಾರೆ ಮೋಲ್ಡಿನಿಂದ ಬಿಟ್ಟುಕೊಂಡು ನಡುವೆ ನೀರಿಗೆ ಜಾಗವಾಗಿದೆ ಎಂದರ್ಥ. ಅಂಗೈಯಗಲದ ಟೊಳ್ಳುಗಳನ್ನು ಉಳಿಯಿಂದ ಕಿತ್ತು ತುಂಬಬಹುದು. ತಾರಸಿಯ ಕಾಲುಭಾಗಕ್ಕಿಂತ ಹೆಚ್ಚು ಟೊಳ್ಳಾಗಿದ್ದರೆ ತೇಪೆ ಹಾಕುವುದು ದಂಡ. ಗಾರೆಯನ್ನು ಪೂರ್ತಿ ಕಿತ್ತು ಹೊಸದಾಗಿ ಹಾಕಿಸಬೇಕಾಗುತ್ತದೆ, ಅದು ಮೇಸ್ತ್ರಿಯ ಕೆಲಸ.

ಇಲ್ಲಿಂದ ಮುಂದೆ ಉಳಿ ಹಿಡಿದಾಗಲೆಲ್ಲ ಕಣ್ಣಿಗೆ ಕನ್ನಡಕ, ಸಿಮೆಂಟು ಮುಟ್ಟಿದಾಗಲೆಲ್ಲ ರಬ್ಬರ್ ಕೈಗವಸು ಕಡ್ಡಾಯ. ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ. ಅಲ್ಯೂಮಿನಿಯಂ ಪಟ್ಟಿ, ಏಣಿ, ರೋಲರಿನ ಉದ್ದ ಕೋಲುಗಳನ್ನು ಎತ್ತುವ ಮುನ್ನ ಪ್ಯಾರಾಪೆಟ್ಟಿನ ಆಚೆ ವಿದ್ಯುತ್ ತಂತಿ ಎಷ್ಟು ಹತ್ತಿರವಿದೆ ಎಂದು ನೋಡಿಕೊಳ್ಳಿ. ಹಳೆಯ ಬಡಾವಣೆಗಳಲ್ಲಿ ತಂತಿಗಳು ತಾರಸಿಗೆ ಕೈಯಳತೆಯಲ್ಲೇ ಹಾದುಹೋಗಿರುವುದುಂಟು.

## ಹಂತ 4: ನೀರಿನ ದಾರಿ ಮತ್ತು ಇಳಿಜಾರು

ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಜೀವ ಇರುವುದು ಇಲ್ಲಿ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಹರಿದುಹೋಗುವ ನೀರನ್ನು ಸಾಧಾರಣ ಲೇಪವೂ ತಡೆಯುತ್ತದೆ. ವಾರಗಟ್ಟಲೆ ನಿಂತ ನೀರನ್ನು ಒಳ್ಳೆಯ ಲೇಪವೂ ಬಹುಕಾಲ ತಾಳಲಾರದು.

ಮೊದಲು ಮಳೆನೀರಿನ ಪೈಪಿನ ಬಾಯಿಯನ್ನು ನೋಡಿ. ಫೆಬ್ರವರಿ, ಮಾರ್ಚಿನಲ್ಲಿ ಹೊಂಗೆ ಎಲೆ ಉದುರಿಸುತ್ತದೆ, ಅದರ ಹಿಂದೆಯೇ ಹೂವು ಸುರಿಯುತ್ತದೆ. ಮಳೆಮರದ ಸಣ್ಣ ಎಲೆಗಳು ಜಾಲರಿಯನ್ನೂ ನುಸುಳಿ ಪೈಪಿನ ಬಾಗಿನಲ್ಲಿ ಕೆಸರಾಗಿ ಕೂರುತ್ತವೆ. ಜಾಲರಿ ಬಿಚ್ಚಿ, ಕೈಗೆ ಸಿಕ್ಕಷ್ಟನ್ನು ತೆಗೆದು, ಒಂದು ಬಕೆಟ್ ನೀರನ್ನು ಒಮ್ಮೆಲೇ ಸುರಿಯಿರಿ. ಕೆಳಗೆ ಅದು ಅಷ್ಟೇ ವೇಗವಾಗಿ ಬೀಳಬೇಕು. ಪೈಪಿನ ವ್ಯಾಸ ನಾಲ್ಕು ಇಂಚಿಗಿಂತ ಕಡಿಮೆಯಿದ್ದರೆ ಮೇ ತಿಂಗಳಿನ ಸಂಜೆಮಳೆಗೆ ಅದು ಸಾಲದೆ ಬರಬಹುದು. ಮಳೆನೀರು ಸಂಪಿಗೆ ಅಥವಾ ಇಂಗುಗುಂಡಿಗೆ ಹೋಗುವ ಮನೆಗಳಲ್ಲಿ ಆ ಪೈಪನ್ನು ಕೆಲಸ ಮುಗಿಯುವವರೆಗೆ ಬಿಡಿಸಿಡಬೇಕು, ಇಲ್ಲವಾದರೆ ಸಿಮೆಂಟಿನ ರಾಡಿಯೂ ಬ್ಲೀಚಿಂಗ್ ನೀರೂ ಸಂಪು ಸೇರುತ್ತವೆ.

ಇಳಿಜಾರು, ಅಂದರೆ ಗಾರೆಯವರು ಹೇಳುವ ವಾಟ, ನೂರು ಅಡಿಗೆ ಒಂದು ಅಡಿಯಂತೆ ಇರಬೇಕು. ಹತ್ತು ಅಡಿ ಉದ್ದಕ್ಕೆ ಸುಮಾರು ಒಂದೂಕಾಲು ಇಂಚು ಇಳಿದಿರಬೇಕು ಎಂದು ಲೆಕ್ಕ. ಮಟ್ಟದ ಪೈಪಿನಲ್ಲಿ ಅಳೆದು ನೋಡಿ. ಜೊತೆಗೆ ತಾರಸಿಯ ಮೇಲೆ ಕೆಲವು ಬಕೆಟ್ ನೀರು ಚೆಲ್ಲಿ, ಅರ್ಧ ಗಂಟೆಯ ನಂತರವೂ ನಿಂತಿರುವ ನೀರಿನ ಅಂಚಿನ ಸುತ್ತ ಸೀಮೆಸುಣ್ಣದ ಗೆರೆ ಎಳೆಯಿರಿ.

ಐದು ಮಿಲಿಮೀಟರಿಗಿಂತ ಕಡಿಮೆ ಆಳದ ತಗ್ಗುಗಳನ್ನು ಹಾಗೆಯೇ ಬಿಡಬಹುದು. ಅದಕ್ಕಿಂತ ಆಳವಾದವನ್ನು ತುಂಬಬೇಕು. ಎಲ್ಲರೂ ಮಾಡುವ ತಪ್ಪೆಂದರೆ ನಯವಾದ ಹಳೆಯ ಗಾರೆಯ ಮೇಲೆ ತೆಳ್ಳಗೆ ಸಿಮೆಂಟು ಸವರುವುದು. ಅಂಚಿನಲ್ಲಿ ಕಾಗದದಷ್ಟು ತೆಳುವಾದ ಆ ತೇಪೆ ಒಂದೇ ಬೇಸಿಗೆಯಲ್ಲಿ ಹಪ್ಪಳದಂತೆ ಏಳುತ್ತದೆ. ಸರಿಯಾದ ರೀತಿ ಹೀಗಿದೆ: ಗೆರೆಯ ಉದ್ದಕ್ಕೂ ಉಳಿಯಿಂದ ನೇರ ಅಂಚು ಕೊರೆದು, ಒಳಗಿನ ಮೈಯನ್ನು ಒರಟಾಗಿಸಿ, ಎಲ್ಲಿಯೂ ತುಂಬುವ ದಪ್ಪ 10 ಮಿಲಿಮೀಟರಿಗಿಂತ ಕಡಿಮೆಯಾಗದಂತೆ ಮಾಡಿಕೊಳ್ಳಬೇಕು. ದೂಳು ತೆಗೆದು, ಮೈಯನ್ನು ನೆನೆಸಿ, ನಿಂತ ನೀರನ್ನು ಒರೆಸಬೇಕು. ಡಬ್ಬದ ಮೇಲೆ ಹೇಳಿದ ಪ್ರಮಾಣದಲ್ಲಿ ಲೇಟೆಕ್ಸ್, ನೀರು ಮತ್ತು ಸಿಮೆಂಟನ್ನು ಸುಣ್ಣ ಬಳಿಯುವ ಹದಕ್ಕಿಂತ ಗಟ್ಟಿಯಾಗಿ ಕಲಸಿ ಬ್ರಷ್ಷಿನಿಂದ ಉಜ್ಜಬೇಕು. ಆ ಸಿಮೆಂಟಿನ ತಿಳಿ ಅಂಟಂಟಾಗಿರುವಾಗಲೇ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಸೇರಿಸಿ ಲೇಟೆಕ್ಸ್ ನೀರಿನಲ್ಲಿ ಕಲಸಿದ ಗಾರೆಯನ್ನು ತುಂಬಿ, ಅಲ್ಯೂಮಿನಿಯಂ ಪಟ್ಟಿ ಎಳೆದು ಪೈಪಿನ ಕಡೆಗೆ ವಾಟ ಕೊಡಬೇಕು. ತಿಳಿ ಒಣಗಿ ಬಿಳಿಯಾಗಿಬಿಟ್ಟಿದ್ದರೆ ಅದರ ಮೇಲೆ ಗಾರೆ ಹಾಕದೆ ಮತ್ತೆ ತಿಳಿ ಬಳಿಯಿರಿ. ಏಪ್ರಿಲ್ ಬಿಸಿಲಿನಲ್ಲಿ ಇದಕ್ಕೆ ಹತ್ತು ನಿಮಿಷವೂ ಹಿಡಿಯುವುದಿಲ್ಲ, ಆದ್ದರಿಂದ ಒಮ್ಮೆಗೆ ಒಂದು ತಗ್ಗನ್ನಷ್ಟೇ ಹಿಡಿಯುವುದು ಕ್ಷೇಮ.

ಇಡೀ ತಾರಸಿಗೇ ವಾಟ ತಪ್ಪಿದ್ದರೆ ಮೇಲೊಂದು ಪದರ ಹಾಕಿಬಿಡೋಣ ಎಂದುಕೊಳ್ಳಬೇಡಿ. ಒಂದು ಇಂಚು ಗಾರೆ ಚದರ ಮೀಟರಿಗೆ 50 ಕಿಲೋಗ್ರಾಮಿನಷ್ಟು ತೂಗುತ್ತದೆ. ಆ ಹೊರೆಯನ್ನು ಮೋಲ್ಡು ತಾಳುತ್ತದೆಯೇ ಎಂಬುದನ್ನು ಎಂಜಿನಿಯರ್ ಹೇಳಬೇಕು.

## ಹಂತ 5: ಬಿರುಕುಗಳು

ಕೂದಲೆಳೆಯ ಬಿರುಕುಗಳಿಗೆ ಮುಖ್ಯ ಲೇಪವೇ ಸಾಕು. ಉಗುರು ಸಿಕ್ಕಿಕೊಳ್ಳುವಷ್ಟು ಅಗಲವಾದರೆ ಬಿರುಕನ್ನು ಉಳಿಯಿಂದ ಇಂಗ್ಲಿಷಿನ ‘ವಿ’ ಆಕಾರದಲ್ಲಿ, ಸುಮಾರು 10 ಮಿಲಿಮೀಟರ್ ಆಳಕ್ಕೆ ಬಿಡಿಸಬೇಕು. ಬಿಡಿಸದೆ ಮೇಲಿಂದ ಪೇಸ್ಟು ಸವರಿದರೆ ಅದು ಒಳಕ್ಕೆ ಇಳಿಯುವುದಿಲ್ಲ. ದೂಳನ್ನು ಬ್ರಷ್ಷಿನಿಂದ ಪೂರ್ತಿ ತೆಗೆದು, ಪೇಸ್ಟನ್ನು ಪಟ್ಟಿಯಿಂದ ಒತ್ತಿ ತುಂಬಿ, ಕುಗ್ಗಿದರೆ ಮರುದಿನ ಇನ್ನೊಮ್ಮೆ ತುಂಬಿ.

ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವ ಬಿರುಕುಗಳಿಗೆ ಪೇಸ್ಟ್ ನಿಲ್ಲದು. ಹಿಂದಿನ ವರ್ಷ ತುಂಬಿದ್ದ ಬಿರುಕು ಅದೇ ಗೆರೆಯಲ್ಲಿ ಮತ್ತೆ ಬಾಯಿಬಿಟ್ಟಿದ್ದರೆ ಅದು ಈ ಜಾತಿಯದು. ಅಲ್ಲಿ ಪಾಲಿಯುರಿಥೇನ್ ಸೀಲಂಟ್ ತುಂಬಿ, ಒಣಗಿದ ಮೇಲೆ ನಾಲ್ಕು ಇಂಚು ಅಗಲದ ಜಾಲರಿಯನ್ನು ಲೇಪದೊಳಗೆ ಕೂರಿಸಬೇಕು. ಬಣ್ಣದ ಅಂಗಡಿಯಲ್ಲಿ ಬಾತ್‌ರೂಮಿಗೆಂದು ಕೊಡುವ ಸಿಲಿಕೋನ್ ಸೀಲಂಟನ್ನು ಇಲ್ಲಿ ಬಳಸಬೇಡಿ, ಅದರ ಮೇಲೆ ಯಾವ ಲೇಪವೂ ಅಂಟುವುದಿಲ್ಲ.

## ಹಂತ 6: ಮೂಲೆಗಳು, ಪೈಪುಗಳು, ಸ್ಟ್ಯಾಂಡಿನ ಕಾಲುಗಳು

ನೆಲವೂ ಪ್ಯಾರಾಪೆಟ್ ಗೋಡೆಯೂ ಕೂಡುವ ಮೂಲೆ ಸೋರಿಕೆಯ ತವರು. ಮೋಲ್ಡು ಬೇರೆ ದಿನ, ಗೋಡೆ ಬೇರೆ ದಿನ ಕಟ್ಟಿದ್ದಾದ್ದರಿಂದ ಅಲ್ಲಿ ಸಂದು ಇದ್ದೇ ಇರುತ್ತದೆ. ಮೂಲೆಯನ್ನು ಕೆರೆದು, ತಿಳಿ ಬಳಿದು, ಲೇಟೆಕ್ಸ್ ಗಾರೆಯಿಂದ ಎರಡು ಇಂಚಿನಷ್ಟು ದುಂಡನೆಯ ಓರೆಯನ್ನು ಉದ್ದಕ್ಕೂ ಕೊಡಿ. ಕರಣೆಗಿಂತ ಗಾಜಿನ ಬಾಟಲಿಯ ಹೊಟ್ಟೆಯಿಂದ ಒತ್ತಿ ಎಳೆದರೆ ಸೊಗಸಾಗಿ ಬರುತ್ತದೆ.

ಪೈಪು ತಾರಸಿಯನ್ನು ತೂರಿಹೋಗುವ ಕಡೆ ಸುತ್ತಲೂ ಅರ್ಧ ಇಂಚು ಕೊರೆದು ಸೀಲಂಟ್ ತುಂಬಿ. ಪಿವಿಸಿ ಪೈಪಿನ ಮೈಯನ್ನು ಮರಳುಕಾಗದದಿಂದ ಉಜ್ಜಿದರೆ ಸೀಲಂಟ್ ಹಿಡಿಯುತ್ತದೆ. ಸೋಲಾರ್ ಸ್ಟ್ಯಾಂಡಿನ ಬೋಲ್ಟುಗಳನ್ನು ಬಿಚ್ಚಬೇಡಿ, ತುಂಬಿದ ಟ್ಯಾಂಕಿನ ಭಾರ ಅದರ ಮೇಲಿರುತ್ತದೆ. ಬೋಲ್ಟಿನ ಸುತ್ತ ತುಕ್ಕು ಕೆರೆದು, ಸೀಲಂಟ್ ಹಾಕಿ, ಕಾಲಿನ ಸುತ್ತ ಸಣ್ಣ ದಿಬ್ಬದಂತೆ ಗಾರೆ ಏರಿಸಿ ನೀರು ಹೊರಕ್ಕೆ ಜಾರುವಂತೆ ಮಾಡಿದರೆ ಸಾಕು. ಮೆಟ್ಟಿಲ ಕೋಣೆಯ ಹೊಸ್ತಿಲ ಕೆಳಗನ್ನು ಮರೆಯಬೇಡಿ. ಪ್ಯಾರಾಪೆಟ್ಟಿನ ತಲೆಯ ಮೇಲಿನ ಬಿರುಕುಗಳೂ ಗೋಡೆಯೊಳಗೆ ನೀರಿಳಿಸುತ್ತವೆ.

## ಹಂತ 7: ನೀರುಣಿಸುವುದು, ಒಣಗಿಸುವುದು

ಹೊಸ ಗಾರೆ ಹಾಕಿದ ಕಡೆಯೆಲ್ಲ ಮರುದಿನದಿಂದ ಏಳು ದಿನ ಒದ್ದೆ ಗೋಣಿಚೀಲ ಹೊದಿಸಿಡಿ. ಬೆಳಿಗ್ಗೆ, ಸಂಜೆ ಎರಡು ತಂಬಿಗೆ ನೀರು ಚಿಮುಕಿಸಿದರೆ ಬೇಸಿಗೆಗೆ ಸಾಲದು. ಮಧ್ಯಾಹ್ನವೂ ಚೀಲ ಒಣಗದಂತೆ ನೋಡಿಕೊಳ್ಳಬೇಕು, ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿದರೆ ನೀರೂ ಉಳಿಯುತ್ತದೆ. ಹೊಸ ಗಾರೆಯ ಮೇಲೆ ಜೇಡರ ಬಲೆಯಂಥ ಸಣ್ಣ ಬಿರುಕುಗಳು ಎದ್ದರೆ ಅದು ಬೇಗ ಒಣಗಿದ್ದರ ಲಕ್ಷಣ.

ಏಳು ದಿನದ ಬಳಿಕ ಚೀಲಗಳನ್ನು ತೆಗೆದು, ಕನಿಷ್ಠ ಒಂದು ವಾರ ಬಿಸಿಲಿಗೆ ಬಿಡಿ. ಡಬ್ಬದ ಮೇಲೆ ಇನ್ನೂ ಹೆಚ್ಚು ದಿನ ಕಾಯಲು ಹೇಳಿದ್ದರೆ ಅದನ್ನೇ ಪಾಲಿಸಿ. ನಂತರ ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ನೆಲಕ್ಕೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೂ, ನೆಲ ಕಪ್ಪಾಗಿದ್ದರೂ ಇನ್ನೂ ಕಾಯಬೇಕು. ಕುಂಡಗಳಿದ್ದ ಜಾಗದಲ್ಲೂ ಹೊಸ ತೇಪೆಗಳ ಮೇಲೂ ಈ ಪರೀಕ್ಷೆ ಮಾಡಿ, ತೇವ ಕೊನೆಯವರೆಗೆ ಅಡಗಿರುವುದು ಅಲ್ಲೇ. ಒಳಗೆ ತೇವ ಇಟ್ಟುಕೊಂಡು ಬಳಿದ ಲೇಪದಲ್ಲಿ ಬಿಸಿಲು ಬಿದ್ದೊಡನೆ ಗುಳ್ಳೆಗಳೇಳುತ್ತವೆ.

## ಹಂತ 8: ಲೇಪನ

ಬರಿಗಾಲಿನಲ್ಲಿ ನಿಲ್ಲಲಾಗದಷ್ಟು ನೆಲ ಕಾದಿರುವಾಗ ಲೇಪ ಬಳಿಯಬಾರದು. ಮೇಲ್ಮೈ ಕೂಡಲೇ ಸಿಪ್ಪೆಗಟ್ಟಿ, ಒಳಗೆ ಹಸಿ ಉಳಿಯುತ್ತದೆ. ಮಾರ್ಚಿನಲ್ಲಾದರೆ ಸಂಜೆ ನಾಲ್ಕರ ನಂತರದ ಹೊತ್ತು ಅತ್ಯುತ್ತಮ, ಏಕೆಂದರೆ ನೆಲ ತಣ್ಣಗಾಗುತ್ತಿರುವಾಗ ಅದರೊಳಗಿನ ಗಾಳಿ ಹೊರಕ್ಕೆ ಒತ್ತುವುದಿಲ್ಲ. ಏಪ್ರಿಲ್ ಮಧ್ಯದ ನಂತರ ಸಂಜೆಯ ಮಳೆಯ ಭಯ ಇರುವುದರಿಂದ ಬೆಳಗಿನ ಆರೂವರೆಯಿಂದ ಹತ್ತರೊಳಗೆ ಮುಗಿಸಿ. ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಗುಡುಗು ಮಳೆಯ ಮಾತಿದ್ದರೆ ಆ ದಿನ ಡಬ್ಬ ತೆರೆಯಲೇ ಬೇಡಿ.

ಮೊದಲ ಕೋಟು ತಳಪಾಯದ್ದು. ಲೇಪವನ್ನು ಡಬ್ಬದ ಮೇಲಿನ ಪ್ರಮಾಣದಂತೆ ನೀರು ಸೇರಿಸಿ ತೆಳ್ಳಗೆ ಮಾಡಿ, ನೆಲ ಕುಡಿಯುವಂತೆ ಬ್ರಷ್ಷಿನಿಂದ ಉಜ್ಜಿ. ಅದು ಒಣಗಿದ ಮೇಲೆ ಮೂಲೆಗಳಿಗೆ, ಪೈಪಿನ ಬುಡಗಳಿಗೆ ಮತ್ತು ಬಿರುಕುಗಳಿಗೆ ದಪ್ಪನಾಗಿ ಲೇಪ ಹಚ್ಚಿ, ಹಸಿಯಿರುವಾಗಲೇ ಜಾಲರಿ ಕೂರಿಸಿ, ಮೇಲೆ ಇನ್ನೊಮ್ಮೆ ಹಚ್ಚಿ. ಜಾಲರಿಯ ಎಳೆ ಹೊರಗೆ ಕಾಣಬಾರದು, ಒಳಗೆ ಗಾಳಿ ಸಿಕ್ಕಿರಬಾರದು.

ಆಮೇಲೆ ಪೂರ್ತಿ ತಾರಸಿಗೆ ಎರಡು ಕೋಟು, ನೀರು ಸೇರಿಸದೆ. ಮೊದಲನೆಯದನ್ನು ಉದ್ದಕ್ಕೆ, ಎರಡನೆಯದನ್ನು ಅಡ್ಡಕ್ಕೆ ಎಳೆಯಿರಿ. ಪ್ಯಾರಾಪೆಟ್ ಗೋಡೆಯ ಮೇಲೆ ಒಂದು ಅಡಿಯವರೆಗೆ ಏರಿಸಿ, ಮಳೆನೀರಿನ ಪೈಪಿನ ಬಾಯೊಳಕ್ಕೆ ಎರಡು ಇಂಚು ಇಳಿಸಿ. ಮೆಟ್ಟಿಲಿಗೆ ದೂರದ ಮೂಲೆಯಿಂದ ಪ್ರಾರಂಭಿಸಿ ಬಾಗಿಲ ಕಡೆಗೆ ಹಿಂದೆ ಬರಬೇಕು. ಹಿಂದೆ ಸರಿಯುವಾಗ ತಗ್ಗಾದ ಪ್ಯಾರಾಪೆಟ್ಟಿನ ಬಗ್ಗೆ ಎಚ್ಚರವಿರಲಿ, ಒಬ್ಬರೇ ಇದ್ದಾಗ ಈ ಕೆಲಸ ಬೇಡ. ಕೋಟುಗಳ ನಡುವಿನ ಅಂತರವನ್ನು ಡಬ್ಬದ ಮೇಲೆ ಗಂಟೆಗಳಲ್ಲಿ ಬರೆದಿರುತ್ತಾರೆ.

ಇನ್ನೊಂದು ಮುಖ್ಯ ಲೆಕ್ಕ ಡಬ್ಬದ ಮೇಲಿನ ಚದರ ಅಡಿಯದು. 20 ಲೀಟರ್ ಇಷ್ಟು ಚದರ ಅಡಿಗೆ ಎಂದಿದ್ದರೆ ನಿಮ್ಮ ತಾರಸಿಗೆ, ಗೋಡೆಯ ಏರಿಕೆಯನ್ನೂ ಕೂಡಿಸಿ, ಅಷ್ಟೂ ಮುಗಿಯಲೇಬೇಕು. ಕೆಲಸ ಮುಗಿದು ಅರ್ಧ ಡಬ್ಬ ಉಳಿದರೆ ಅದನ್ನು ಉಳಿತಾಯ ಎಂದುಕೊಳ್ಳಬೇಡಿ, ಲೇಪ ತೆಳುವಾಗಿದೆ. ಮೂರನೆಯ ಕೋಟು ಹಾಕಿ ಮುಗಿಸಿ. ಬಿಳಿಯ ನೆಲದ ಮೇಲೆ ಬಿಸಿಲು ಕಣ್ಣು ಕುಕ್ಕುತ್ತದೆ, ಕಪ್ಪು ಕನ್ನಡಕವೂ ತಲೆಗೆ ಟೋಪಿಯೂ ಕುಡಿಯಲು ಮಜ್ಜಿಗೆಯೂ ಹತ್ತಿರವಿರಲಿ.

## ಹಂತ 9: ನೀರು ನಿಲ್ಲಿಸಿ ಪರೀಕ್ಷೆ

ಡಬ್ಬದಲ್ಲಿ ಹೇಳಿದಷ್ಟು ದಿನ ಲೇಪ ಪೂರ್ತಿ ಗಟ್ಟಿಯಾದ ಮೇಲೆ ಪರೀಕ್ಷಿಸಿ. ಸಾವಿರ ಚದರ ಅಡಿಗೆ ಒಂದು ಇಂಚು ನೀರು ನಿಲ್ಲಿಸಲು ಎರಡು ಸಾವಿರ ಲೀಟರಿಗೂ ಹೆಚ್ಚು ಬೇಕು. ಬೇಸಿಗೆಯಲ್ಲಿ ಅದು ಸಾಧುವಲ್ಲ, ಅಗತ್ಯವೂ ಇಲ್ಲ. ಹಂತ 2ರಲ್ಲಿ ಗುರುತಿಸಿದ ಜಾಗಗಳ ಸುತ್ತ ಮಾತ್ರ ಜೇಡಿಮಣ್ಣಿನ ಬದು ಕಟ್ಟಿ, ಒಂದು ಇಂಚು ನೀರು ತುಂಬಿ, 48 ಗಂಟೆ ಬಿಟ್ಟು ಕೆಳಗಿನ ಸೀಲಿಂಗನ್ನು ನೋಡಿ. ಒಂದು ಜಾಗದ ನೀರನ್ನೇ ಮೊಗೆದು ಇನ್ನೊಂದಕ್ಕೆ ಹಾಕಬಹುದು, ಕೊನೆಗೆ ಗಿಡಗಳಿಗೆ ಹಾಕಬಹುದು. ಕೆಳಗಿನ ಹಳೆಯ ಕಲೆ ಬಣ್ಣ ಬದಲಿಸದಿದ್ದರೆ ಸರಿ. ಅದರ ಅಂಚಿಗೆ ಮೊದಲೇ ಪೆನ್ಸಿಲಿನಿಂದ ಗೆರೆ ಹಾಕಿಟ್ಟರೆ ಹಿಗ್ಗಿದೆಯೇ ಎಂದು ಸುಲಭವಾಗಿ ತಿಳಿಯುತ್ತದೆ. ಸೀಲಿಂಗಿಗೆ ಬಣ್ಣ ಹೊಡೆಯುವುದನ್ನು ಈ ವರ್ಷದ ಅಕ್ಟೋಬರ್ ದಾಟುವವರೆಗೆ ಮುಂದೂಡಿ.

## ಹಂತ 10: ಕುಂಡಗಳನ್ನು ಮರಳಿ ಇಡುವುದು

ಕುಂಡವನ್ನು ನೇರವಾಗಿ ಲೇಪದ ಮೇಲೆ ಇಟ್ಟರೆ ಮಾಡಿದ್ದೆಲ್ಲ ಒಂದೆರಡು ವರ್ಷದಲ್ಲಿ ಹಾಳಾಗುತ್ತದೆ. ನಾಲ್ಕರಿಂದ ಆರು ಇಂಚು ಎತ್ತರದ ಸ್ಟ್ಯಾಂಡು ಬೇಕು, ಅದರ ಕಾಲುಗಳಿಗೆ ರಬ್ಬರಿನ ಬಿರಡೆ ಬೇಕು. ಕೆಳಗೆ ಪೊರಕೆ ಆಡುವಂತಿದ್ದರೆ ಎಲೆ, ಮಣ್ಣು ಸೇರಿಕೊಳ್ಳುವುದಿಲ್ಲ.

ತೂಕವನ್ನು ಕೈಯಂದಾಜಿಗೆ ಬಿಡಬೇಡಿ. ಜನ ಓಡಾಡುವ ತಾರಸಿಯ ಮೇಲೆ ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ 150 ಕಿಲೋಗ್ರಾಮಿನಷ್ಟು ಹೊರೆಯನ್ನು ಲೆಕ್ಕ ಹಿಡಿದಿರುತ್ತಾರೆ. ಹದಿನೈದು ಇಂಚು ಅಗಲ, ಅಷ್ಟೇ ಎತ್ತರದ ಗ್ರೋಬ್ಯಾಗಿನ ತುಂಬ ಬರಿಯ ಮಣ್ಣು ತುಂಬಿ ನೀರು ಹಾಕಿದರೆ ಅದೊಂದೇ 70 ಕಿಲೋಗ್ರಾಮಿನ ಹತ್ತಿರ ತೂಗುತ್ತದೆ. ಮಣ್ಣಿನ ಪಾಲನ್ನು ಮೂರನೆಯ ಒಂದಕ್ಕೆ ಇಳಿಸಿ, ಉಳಿದುದಕ್ಕೆ ತೆಂಗಿನ ನಾರಿನ ಪುಡಿಯನ್ನೂ ಗೊಬ್ಬರವನ್ನೂ ಬಳಸಿ. ದೊಡ್ಡ ಕುಂಡಗಳನ್ನು ಮೋಲ್ಡಿನ ನಡುವೆ ಇಡದೆ, ಕೆಳಗೆ ಗೋಡೆ ಅಥವಾ ಬೀಮು ಇರುವ ಸಾಲಿನಲ್ಲಿ ಇಡಿ.

ನೆರಳು ಪರದೆಯ ಕಂಬಗಳಿಗೆಂದು ಹೊಸ ಲೇಪಕ್ಕೆ ತೂತು ಕೊರೆಯುವುದು ಆಗಾಗ ಕಂಡುಬರುವ ಮತ್ತೊಂದು ಅವಿವೇಕ. ಖಾಲಿಯಾದ ಲೇಪದ ಡಬ್ಬಗಳಲ್ಲಿ ಕಂಬ ನಿಲ್ಲಿಸಿ ಕಾಂಕ್ರೀಟು ತುಂಬಿದರೆ ಕೊರೆಯದೆಯೇ ಕಂಬ ನಿಲ್ಲುತ್ತದೆ. ಗಾಳಿಗೆ ಅದು ಉರುಳದಂತೆ ಮೇಲ್ತುದಿಯನ್ನು ಪ್ಯಾರಾಪೆಟ್ ಗೋಡೆಯ ಒಳಬದಿಗೆ ಕಟ್ಟಿ, ಮಳೆಗಾಳಿ ಶುರುವಾದೊಡನೆ ಪರದೆಯನ್ನು ಬಿಚ್ಚಿಡಿ.

## ಮೊದಲ ಮಳೆಗಳಲ್ಲಿ ಗಮನಿಸಬೇಕಾದ ಲಕ್ಷಣಗಳು

ಮೊದಲ ಜೋರು ಮಳೆ ನಿಂತ ಮೇಲೆ ತಾರಸಿಗೆ ಹೋಗಿ ನೋಡಿ. ನಾಣ್ಯದಗಲದ ಗುಳ್ಳೆ ಕಂಡರೆ ಚುಚ್ಚಬೇಡಿ. ಒಣಹವೆ ಬಂದಾಗ ಅಷ್ಟು ಜಾಗವನ್ನು ಕತ್ತರಿಸಿ, ಒಣಗಿಸಿ, ಜಾಲರಿ ಇಟ್ಟು ಮತ್ತೆ ಬಳಿಯಿರಿ. ಲೇಪ ಬೆರಳಿಗೆ ಬಿಳಿಯಾಗಿ ಹತ್ತುತ್ತಿದ್ದರೆ ಅದು ಪೂರ್ತಿ ಒಣಗುವ ಮುನ್ನ ಮಳೆಗೆ ಸಿಕ್ಕಿದೆ. ಕೆಳಗಿನ ಕೋಣೆಯಲ್ಲಿ ಹಳೆಯ ಪೆನ್ಸಿಲ್ ಗೆರೆಯ ಆಚೆ ಹೊಸ ತೇವ ಮೂಡಿದರೆ ಮೊದಲು ಪೈಪಿನ ಬಾಯಿಯನ್ನೂ ನಂತರ ಪ್ಯಾರಾಪೆಟ್ ಮೂಲೆಯನ್ನೂ ಪರೀಕ್ಷಿಸಿ, ನಡುನೆಲವನ್ನು ಕೊನೆಗೆ ನೋಡಿ. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಆದ್ದರಿಂದ ಆಗಸ್ಟ್ ಕೊನೆಗೆ ಜಾಲರಿ ಬಿಚ್ಚಿ ಪೈಪುಗಳನ್ನು ಇನ್ನೊಮ್ಮೆ ಸ್ವಚ್ಛಗೊಳಿಸಬೇಕು.